ಚುಕ್ಕಿಗೆರೆ

ವಿರಾಜಪೇಟೆಯ ಗಡಿಯಾರ ಕಂಬ ದಾಟಿ ಮೂರನೇ ತಿರುವು,
ಟಯರ್ ಅಂಗಡಿಯ ಮೇಲಿನ ಕೋಣೆ.
ಕೆಳಗೆ ಗಾಳಿ ತುಂಬುವ ಯಂತ್ರ ಸೀಟಿ ಹೊಡೆದಾಗೆಲ್ಲ
ಚರ್ಮಣ ತನ್ನ ಎಡ ಮಣಿಕಟ್ಟು ಕಚ್ಚುತ್ತಾನೆ.
ನನ್ನ ಕೆಲಸ ಎಣಿಸುವುದು.

ಇಪ್ಪತ್ತಮೂರು. ಇಪ್ಪತ್ತೊಂದು. ಮತ್ತೆ ಇಪ್ಪತ್ತಮೂರು.
ಕಿಟಕಿಯ ಚಿತ್ರವಿದ್ದ ಕಾರ್ಡು ಅವನ ಕೈಗಿಟ್ಟೆ:
ಅವನು ತೋರಿಸಿದರೆ ನಾನು ಕಿಟಕಿ ಮುಚ್ಚುವುದು,
ಜೊತೆಗೊಂದು ಜೆಲ್ಲಿ ಮಿಠಾಯಿ.
ಮೂರನೇ ವಾರ ಗೆರೆ ಇಳಿಯಿತು.
ಒಂಬತ್ತು, ಏಳು, ನಾಲ್ಕು.
ಬಸ್ಸಿನಲ್ಲಿ ಕೂತು ಆ ಇಳಿಜಾರನ್ನೇ ನೋಡುತ್ತಿದ್ದೆ,
ಅಮ್ಮತ್ತಿ ಬಂದದ್ದು ಕಂಡಕ್ಟರ್ ಹೇಳಬೇಕಾಯಿತು.

ಬೊಳ್ಳಮ್ಮ ಚೀಲದಿಂದ ತೆಗೆದರು:
ಕಂದು ಬಾಟಲಿ. ಲೇಬಲ್ ಇಲ್ಲ.
"ಮಾಕುಟ್ಟದ ಆಚೆಯ ವೈದ್ಯರದ್ದು.
ನಾಲಗೆಗೆ ಆರು ಹನಿ, ಮೂರು ವಾರ ಆಯಿತು.
ಹೇಳಿದ್ದರೆ ನೀವು ಬೇಡ ಅಂತಿದ್ದಿರಿ."
ಅಂತಿದ್ದೆ.
ನನ್ನ ಮುಖದಲ್ಲಿ ಆ 'ಬೇಡ' ಎಷ್ಟು ಮೊದಲೇ ಬರೆದಿತ್ತೋ,
ಒಬ್ಬ ತಾಯಿ ಮದ್ದನ್ನು ಕದ್ದ ಮಾಲಿನಂತೆ ಹೊತ್ತು ತಿರುಗಲು!

"ಹಾಗಾದರೆ ಸೇರಿಸಿಯೇ ಬಿಡೋಣ," ಎಂದರು ಕ್ಲಾರಿಸ್ ಮೇಡಂ.
"ಹನಿ, ಕಂಚಿನ ಬಟ್ಟಲಿನ ನಾದ, ಒಂಟೆ ಹಾಲಿನ ಪುಡಿ,
ಪಾದಕ್ಕೆ ಎಣ್ಣೆ, ಜೊತೆಗೆ ನೀನು. ಒಂದೇ ಬಿಲ್ಲು.
ಕೆಳಗಿನವನೂ ಟಯರ್ ಬದಲಿಸಿದರೆ ಅಲೈನ್‌ಮೆಂಟ್ ಸೇರಿಸುತ್ತಾನಲ್ಲ.
ನಿನ್ನ ಸಹಿ ಇದ್ದರೆ ಜನ ನಂಬುತ್ತಾರೆ."
ಅದಕ್ಕೇ ಮಾಡುವುದಿಲ್ಲ ಮೇಡಂ ಎಂದೆ.
ಇಷ್ಟನ್ನು ಹೇಳುವಾಗ ಕಾಲು ನಡುಗುತ್ತಿತ್ತು,
ಬಾಡಿಗೆ ಐದನೇ ತಾರೀಕು.

ಆದರೆ ಮೊದಲ ತಿಂಗಳು ಅವನ ಬೆರಳಾಟ ನಿಲ್ಲಿಸಿದವಳು ಯಾರು?
ಕಣ್ಣ ಮುಂದೆ, ಗಾಳಿಯಲ್ಲಿ, ಕಾಳುಮೆಣಸು ಬಿಡಿಸುವಂತೆ ಆಡಿಸುತ್ತಿದ್ದ.
ಯಾರಿಗೂ ನೋವಿರಲಿಲ್ಲ. ಅವನಿಗಂತೂ ಹಬ್ಬ.
"ಕೈ ತೊಡೆಯ ಮೇಲೆ" ಎಂದೆ, ನಲವತ್ತು ಮಿಠಾಯಿ ಖರ್ಚಾಯಿತು.
ಅದಕ್ಕೂ ಒಂದು ಗ್ರಾಫ್ ಇದೆ.
ತುಂಬ ಚೆಂದದ ಗ್ರಾಫ್.

ಬಾಟಲಿಯಲ್ಲಿ ಸೀಸ ಇದೆಯೋ ಏನೋ,
ಮೈಸೂರಿನ ಲ್ಯಾಬಿಗೆ ಅರ್ಧ ಕಳಿಸಿದೆ.
ಬರುವವರೆಗೆ ನಿಲ್ಲಿಸಿ ಎಂದಾಗ ಬೊಳ್ಳಮ್ಮ ಕೇಳಿದರು:
"ಕಚ್ಚುವುದು ಮರಳಿದರೆ, ರಾತ್ರಿ ಎರಡು ಗಂಟೆಗೆ
ಅವನ ಕೈ ಹಿಡಿಯಲು ನೀವು ಬರುತ್ತೀರಾ?"
ನನ್ನ ಫಾರಂನಲ್ಲಿ ರಾತ್ರಿ ಎರಡು ಗಂಟೆ ಇಲ್ಲ.
ಗ್ರಾಫಿನಲ್ಲಿ, ಮೂರು ವಾರ ಹಿಂದಕ್ಕೆ,
ನೇರ ಒಂದು ಚುಕ್ಕಿಗೆರೆ ಎಳೆದೆ.
ತಲೆಯ ಮೇಲೆ ಬರೆದೆ: ಹನಿ, ದಿನಕ್ಕೆ ಆರು, ತಾಯಿ ಹೇಳಿದ್ದು.
ಕಾರ್ಡಿನ ಗೆರೆಗೆ ಅದು ಎಷ್ಟು ಹತ್ತಿರ!
ಇಳಿಜಾರು ಯಾರದ್ದೆಂದು ಇನ್ನು ದೇವರೂ ಹೇಳಲಾರ.

ಕಕ್ಕಡ ಹದಿನೆಂಟು. ನಮ್ಮಮ್ಮ ಮದ್ದು ಸೊಪ್ಪಿನ ಪಾಯಸ ಕಾಸಿದಳು.
ದಿನಕ್ಕೊಂದರಂತೆ ಹದಿನೆಂಟು ಮದ್ದು ಆ ಗಿಡಕ್ಕಿಳಿಯುತ್ತವಂತೆ.
ಗಿಡಕ್ಕಾದರೂ ಗೊತ್ತಿದೆ, ಒಮ್ಮೆಗೆ ಒಂದೇ ಸೇರಿಸಬೇಕು!
ಎರಡು ಬಟ್ಟಲು ತಿಂದೆ. ಪುರಾವೆ ಕೇಳಲಿಲ್ಲ.
ಮರುದಿನ ಬೆಳಿಗ್ಗೆ ಉಚ್ಚೆ ಕೆಂಪಾದದ್ದು ನೋಡಿ
ಚಿಕ್ಕಂದಿನಂತೆಯೇ ಖುಷಿಪಟ್ಟೆ: ಮದ್ದು ಮೈಗೆ ಹತ್ತಿತು.

ಬೊಳ್ಳಮ್ಮ ಅಂದೇ ಫೋನ್ ಮಾಡಿದರು.
ಬಿಳಿ ಅನ್ನ, ಬಿಳಿ ಪುಟ್ಟು ಬಿಟ್ಟು ಏನನ್ನೂ ಮುಟ್ಟದ ಹುಡುಗ
ನೇರಳೆ ಪಾಯಸ ನೆಕ್ಕಿದನಂತೆ.
ಬೆಳಿಗ್ಗೆ ಬಚ್ಚಲಿಗೆ ಅವರನ್ನು ಎಳೆದೊಯ್ದು
ಕೆಂಪು ನೀರಿನ ಮುಂದೆ
ಬೆರಳಾಡಿಸಿದನಂತೆ, ಎರಡೂ ಕೈಯ ಬೆರಳು.
"ಇದನ್ನು ಎಲ್ಲಿ ಬರೀತೀರಿ?"
ನನ್ನ ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
ನಿಲ್ಲಿಸಬೇಡಿ ಎಂದೆ, ಬೆರಳನ್ನು.

ಲ್ಯಾಬಿನಿಂದ ಇನ್ನೂ ಬಂದಿಲ್ಲ.
ಉಳಿದರ್ಧ ಬಾಟಲಿ ನನ್ನ ಡ್ರಾಯರಿನಲ್ಲಿದೆ,
ಮಿಠಾಯಿ ಡಬ್ಬಿಯ ಪಕ್ಕ.
ಸೋಮವಾರ ಆರು ಸಲ ಕಚ್ಚಿದ.
ಆರು ಎಂದೇ ಬರೆದೆ.